ಕರುಳಿನ ಒಕ್ಕಲು, ಯಕೃತ್ತಿನ ಅಳಲು

ಹೊಟ್ಟೆಯಲ್ಲಿ ಹುಳುವಿದೆ ಎಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ಹುಳುವಿಗಿಂತ ಎಷ್ಟೋ ಚಿಕ್ಕದಾದ, ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಗಳ ಸಂಖ್ಯೆ ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಎಂದು 2016ರ ಲೆಕ್ಕಾಚಾರವೊಂದು ಹೇಳುತ್ತದೆ. ದೇಹದ ಸ್ವಂತ ಜೀವಕೋಶಗಳಿಗಿಂತ ತುಸು ಹೆಚ್ಚೇ! ಬಹುಪಾಲು ಒಕ್ಕಲು ಇರುವುದು ದೊಡ್ಡ ಕರುಳಿನಲ್ಲಿ. ಹೆಚ್ಚಿನವು ನಿರುಪದ್ರವಿಗಳು; ಕೆಲವು ವಿಟಮಿನ್ ಕೆ ತಯಾರಿಸಿ ಬಾಡಿಗೆಯನ್ನೂ ಸಲ್ಲಿಸುತ್ತವೆ.

ಆದರೆ ಇವುಗಳ ಕರಾಮತ್ತು ಕರುಳಿಗಷ್ಟೇ ಸೀಮಿತವಲ್ಲ. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗದು. (ಚಿತ್ರ ಬರೆದು, ಭಾಗ ಗುರುತಿಸಿ, ಅಂಕ ಗಿಟ್ಟಿಸಿದ ಮೇಲೆ ಇದನ್ನು ಮರೆಯುವ ವಿದ್ಯಾರ್ಥಿಗಳೇ ಹೆಚ್ಚು.) ಪೋರ್ಟಲ್ ಅಭಿಧಮನಿ ಅದನ್ನು ಮೊದಲು ಯಕೃತ್ತಿಗೆ, ಅಂದರೆ ಪಠ್ಯಪುಸ್ತಕದ ಪಿತ್ತಜನಕಾಂಗಕ್ಕೆ ಒಯ್ಯುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯದೇ. ಹೀಗಾಗಿ ಬ್ಯಾಕ್ಟೀರಿಯಗಳು ಹೊರಬಿಟ್ಟ ವಸ್ತುಗಳು ರಕ್ತಕ್ಕೆ ಸೇರಿದರೆ ಮೊದಲು ಎದುರಿಸಬೇಕಾದದ್ದು ಯಕೃತ್ತೇ.

ಪಿತ್ತರಸದ ಕಥೆಯನ್ನೇ ನೋಡಿ. ಕೊಬ್ಬಿನ ಪಚನಕ್ಕೆಂದು ಯಕೃತ್ತು ಕರುಳಿಗೆ ಕಳಿಸುವ ಪಿತ್ತಾಮ್ಲಗಳಲ್ಲಿ ಬಹುಭಾಗ ಸಣ್ಣ ಕರುಳಿನ ತುದಿಯಲ್ಲೇ ಹೀರಲ್ಪಟ್ಟು ತವರಿಗೆ ಮರಳುತ್ತವೆ. ಉಳಿದ ಚೂರುಪಾರು ದೊಡ್ಡ ಕರುಳಿಗಿಳಿದಾಗ, ಅಲ್ಲಿನ ಕೆಲವು ಬ್ಯಾಕ್ಟೀರಿಯಗಳು ಅದನ್ನು ಡಿಆಕ್ಸಿಕೋಲಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಇದು ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡಬಲ್ಲ ವಸ್ತು.

ಜಪಾನಿನ ವಿಜ್ಞಾನಿ ಈಜಿ ಹಾರಾ ಮತ್ತು ಸಂಗಡಿಗರು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮುಖ್ಯ. ಹುಟ್ಟಿದೊಡನೆ ಕ್ಯಾನ್ಸರ್‌ಕಾರಕ ರಾಸಾಯನಿಕ ಸೋಕಿಸಿದ ಇಲಿಗಳಲ್ಲಿ ಕೆಲವಕ್ಕೆ ಸಾಮಾನ್ಯ ಆಹಾರ, ಕೆಲವಕ್ಕೆ ಜಿಡ್ಡಿನ ಆಹಾರ. ಜಿಡ್ಡು ತಿಂದು ಬೊಜ್ಜು ಬೆಳೆಸಿಕೊಂಡವುಗಳಲ್ಲಿ ಡಿಆಕ್ಸಿಕೋಲಿಕ್ ಆಮ್ಲ ಹೆಚ್ಚಿತು, ಯಕೃತ್ತಿನ ಕ್ಯಾನ್ಸರ್ ಕೂಡ. ಯಕೃತ್ತಿನ ಕೆಲವು ಕೋಶಗಳು ಅಕಾಲ ಮುಪ್ಪಿಗೆ ಜಾರಿ, ಸಾಯಲೂ ಒಲ್ಲದೆ, ಉರಿಯೂತದ ರಾಸಾಯನಿಕಗಳನ್ನು ಸುತ್ತಲೂ ಕಾರತೊಡಗಿದ್ದವು. ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯ ತಗ್ಗಿಸಿದಾಗ ಗೆಡ್ಡೆಗಳೂ ತಗ್ಗಿದವು. ಜೊತೆಗೆ ಅದೇ ಆಮ್ಲವನ್ನು ಹೊರಗಿನಿಂದ ಉಣಿಸಿದರೆ ಮತ್ತೆ ಹೆಚ್ಚಿದವು!

ಹಾಗಾದರೆ ಆಂಟಿಬಯಾಟಿಕ್ ನುಂಗಿದರಾಯಿತಲ್ಲ ಎಂದು ಯಾರಾದರೂ ಔಷಧಿ ಅಂಗಡಿಗೆ ಓಡಿಯಾರು! ಇಲಿಯ ಫಲಿತಾಂಶ ಮನುಷ್ಯನಿಗೆ ಚೀಟಿಯಲ್ಲ. ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಮದ್ಯ, ಬೂಸ್ಟು ಹಿಡಿದ ಕಡಲೆಕಾಯಿಯಂಥವುಗಳಲ್ಲಿರುವ ಅಫ್ಲಟಾಕ್ಸಿನ್, ಬೊಜ್ಜಿನೊಡನೆ ಬರುವ ಕೊಬ್ಬಿನ ಯಕೃತ್ತು ಇವು ಗೊತ್ತಿರುವ ಕಾರಣಗಳು. ಬಿ ವೈರಸ್ಸಿಗಂತೂ ಲಸಿಕೆಯಿದೆ. ಮೊದಲ ಡೋಸನ್ನು ಹುಟ್ಟಿದ 24 ಗಂಟೆಯೊಳಗೆ ಹಾಕಿಸಬೇಕು. ಮಗುವಿನ ಲಸಿಕೆ ಕಾರ್ಡನ್ನು ತಾಯಿತಂದೆಯರು ಇವತ್ತೇ ತೆಗೆದು ನೋಡಲಡ್ಡಿಯಿಲ್ಲ.

ನಾರಿನಂಶದ ಪುಡಿ ಡಬ್ಬಿಗಳಲ್ಲಿ ಮಾರಾಟವಾಗುವ ಕಾಲವಿದು. 'ಒಳ್ಳೆಯ ಬ್ಯಾಕ್ಟೀರಿಯ'ಕ್ಕೆ ಮೇವು ಎಂಬ ಜಾಹೀರಾತು ಬೇರೆ. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಸಹಜವಾಗಿರುವ ಇನುಲಿನ್ ಎಂಬ ಕರಗುವ ನಾರನ್ನು ಶುದ್ಧೀಕರಿಸಿ, ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಿಗೆ ತಿನ್ನಿಸಿದರು. ಕರುಳಿನ ಬ್ಯಾಕ್ಟೀರಿಯಗಳ ಸಮತೋಲ ಮೊದಲೇ ಕೆಟ್ಟಿದ್ದ ಇಲಿಗಳಲ್ಲಿ ಹಲವಕ್ಕೆ ಕಾಮಾಲೆ ಹಿಡಿದು ಯಕೃತ್ತಿನ ಕ್ಯಾನ್ಸರ್ ಬಂದಿತೆಂದು 2018ರಲ್ಲಿ ವರದಿಯಾಯಿತು. ಬ್ಯಾಕ್ಟೀರಿಯಗಳು ಹುದುಗಿಸಲಾರದ ಸೆಲ್ಯುಲೋಸ್ ನಾರನ್ನು ಕೊಟ್ಟಾಗ ಅದೇ ತಳಿಯ ಇಲಿಗಳಿಗೆ ಈ ಪಾಡು ಬರಲಿಲ್ಲ.