ಕೊನೆಯ ಸವಾರ

ಸೈಕಲ್ಲಿಗೂ ಮೇಷ್ಟರಿಗೂ ನಂಟು ಹಳೆಯದು. ನನಗೆ ಪಾಠ ಹೇಳಿದ ಪಂಡಿತರು ಪಂಚೆಯನ್ನು ಎತ್ತಿ ಕಟ್ಟಿ, ಹ್ಯಾಂಡಲಿಗೆ ಕೈಚೀಲ ನೇತುಹಾಕಿ, ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮೊದಲೇ ಬಂದು ಬೇವಿನ ಮರಕ್ಕೆ ವಾಹನ ಒರಗಿಸುತ್ತಿದ್ದರು. ಆ ಸೈಕಲ್ಲಿಗೊಂದು ಗಾಂಭೀರ್ಯವಿತ್ತು. ಈಗ ಭಾನುವಾರಗಳಲ್ಲಿ ನಾನು ಏರುವ ಸೈಕಲ್ಲಿಗೆ ಸ್ಟ್ಯಾಂಡೂ ಇಲ್ಲ, ಕ್ಯಾರಿಯರೂ ಇಲ್ಲ; ಏರಿದವನಿಗೆ ತಲೆಯ ಮೇಲೊಂದು ಹೆಲ್ಮೆಟ್ಟು, ಮೈಗಂಟಿದ ಹಳದಿ ಅಂಗಿ. ಛಂದಸ್ಸು ಪಾಠಮಾಡುವವನು ಈ ವೇಷದಲ್ಲಿ ವಿದ್ಯಾರ್ಥಿಗಳ ಕಣ್ಣಿಗೆ ಬೀಳದಿರಲೆಂದೇ ನಮ್ಮ ಸಂಘದವರು ಬೆಳಗಿನ ಐದಕ್ಕೆ ಹೊರಡುತ್ತಾರೆಂದು ನನ್ನ ನಂಬಿಕೆ.

ಈ ಸೈಕಲ್ಲು ನನ್ನದಲ್ಲ, ಅಣ್ಣನದು. ಹೋದ ವರ್ಷ ಅವನು ತೀರಿಕೊಂಡ ಮೇಲೆ ಕೆಲವು ತಿಂಗಳು ಅದು ನಡುಮನೆಯ ಗೋಡೆಗೆ ಒರಗಿಕೊಂಡೇ ಇತ್ತು. ಮಾರಲು ಅತ್ತಿಗೆಗೆ ಮನಸ್ಸಿಲ್ಲ, ನೋಡುತ್ತಿರಲು ಧೈರ್ಯವಿಲ್ಲ. “ನೀವಾದರೂ ಓಡಿಸಿ” ಎಂದರು. ಅಣ್ಣ ನನಗಿಂತ ಎರಡು ಬೆರಳು ಎತ್ತರ. ಸೀಟನ್ನು ಅಷ್ಟು ಇಳಿಸಿಕೊಂಡು, ಅವನ ಸಂಘದ ಹದಿನಾಲ್ಕು ಮಂದಿಯ ಜೊತೆಗೆ ನಂದಿಬೆಟ್ಟಕ್ಕೆ ಹೊರಟೆ.

ಬೆಂಗಳೂರಿನಿಂದ ನಂದಿಗೆ ಸುಮಾರು ೬೦ ಕಿಲೋಮೀಟರು. ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟುವವರೆಗೆ ಪಯಣ ಸುಖವಾದದ್ದು. ಸವಾರರು ಒಬ್ಬರ ಹಿಂದೊಬ್ಬರು ಸಾಲಾಗಿ ಸಾಗುತ್ತಾರೆ. ಮುಂದಿನವನು “ಹಳ್ಳ!” ಎಂದು ಕೂಗಿ ಕೈತೋರಿಸಿದರೆ ಆ ಮಾತು ಬಾಯಿಂದ ಬಾಯಿಗೆ ಬಾಲದವರೆಗೂ ಬರುತ್ತದೆ. ಸಾಲಿನಲ್ಲಿ ಶಿಸ್ತಷ್ಟೇ ಅಲ್ಲ, ಲೆಕ್ಕಾಚಾರವೂ ಉಂಟು. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವವನ ಶ್ರಮ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಮುಂದಿನವನ ಬೆನ್ನ ಮರೆಯಲ್ಲಿ ಸಾಗಿದರೆ ಕಾಲುಭಾಗಕ್ಕೂ ಮಿಗಿಲಾದ ಶ್ರಮ ಉಳಿದೀತು. ಮುಂದಿದ್ದವನು ದಣಿದು ಹಿಂದೆ ಸರಿದರೆ ಮತ್ತೊಬ್ಬ ಎದೆಯೊಡ್ಡುತ್ತಾನೆ. ಹೊಸಬನಾದ ನನ್ನನ್ನು ಅವರು ನಡುವಿನಲ್ಲಿಟ್ಟುಕೊಂಡು, ತೊಟ್ಟಿಲಲ್ಲಿ ತೂಗಿದಂತೆ ಬೆಟ್ಟದ ಬುಡಕ್ಕೆ ತಂದು ಮುಟ್ಟಿಸಿದರು. ದಾರಿಯ ಎರಡು ಕಡೆಯೂ ದ್ರಾಕ್ಷಿಯ ಚಪ್ಪರಗಳು. ಆಚೆಗೆ, ಸಾವಿರ ವರ್ಷಕ್ಕೂ ಹಳೆಯದಾದ ಭೋಗನಂದೀಶ್ವರನ ಗುಡಿಯ ಗೋಪುರ.

ಏರು ಶುರುವಾದೊಡನೆ ಸಾಲು ಚೆದುರಿತು. ಬೆಟ್ಟದ ನೆತ್ತಿ ಸಮುದ್ರಮಟ್ಟಕ್ಕೆ ೧೪೭೮ ಮೀಟರು ಎತ್ತರ. ಕೊನೆಯ ಏಳೆಂಟು ಕಿಲೋಮೀಟರು ಸುತ್ತಿಸುತ್ತಿ ಹತ್ತಬೇಕು. ಇಲ್ಲಿ ವೇಗ ಎತ್ತಿನ ಗಾಡಿಗಿಂತ ತುಸು ಮೇಲು, ಅಷ್ಟೆ. ಸೀಳುವುದಕ್ಕೆ ಗಾಳಿಯೇ ಇಲ್ಲದಾಗ ಯಾರ ಬೆನ್ನ ಮರೆಯಿಂದ ಏನು ಪ್ರಯೋಜನ? ಹೋರಾಟ ಗಾಳಿಯೊಡನಲ್ಲ, ಭಾರದೊಡನೆ. ಅವರವರ ಭಾರ ಅವರವರದು. ಜೊತೆಗಿರೋಣವೆಂದು ಬಲಶಾಲಿ ತಡೆದು ತುಳಿದರೆ ಅವನ ತಾಳ ತಪ್ಪುತ್ತದೆ. ದುರ್ಬಲ ಅವಸರಿಸಿದರೆ ಉಸಿರು ಕಟ್ಟುತ್ತದೆ. ಮೂರು ತಿರುವು ಕಳೆಯುವುದರೊಳಗೆ ಹಳದಿ ಅಂಗಿಗಳೆಲ್ಲ ಮಂಜಿನಲ್ಲಿ ಮಾಯವಾದವು.

ನನಗೆ ಅಣ್ಣನ ವೈಕುಂಠ ಸಮಾರಾಧನೆಯ ದಿನ ನೆನಪಾಯಿತು. ಅಂದು ಮನೆ ತುಂಬ ಜನ. ಒಬ್ಬರು ಹಾಲು ತಂದರು, ಒಬ್ಬರು ಬ್ಯಾಂಕಿನ ಕಾಗದ ಬರೆದುಕೊಟ್ಟರು, ಒಬ್ಬರು ಮಕ್ಕಳಿಗೆ ಕಥೆ ಹೇಳಿದರು. ಮರುವಾರ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ. ಅಲ್ಲಿಯತನಕ ಸಮತಟ್ಟು ನೆಲ, ಆಮೇಲೆ ಬೆಟ್ಟ.

ಉಸಿರಿಗೆಂದು ಒಂದು ತಿರುವಿನಲ್ಲಿ ಕಾಲೂರಿದಾಗ, ಹತ್ತು ಮಾರು ಹಿಂದೆ ಇನ್ನೊಂದು ಸೈಕಲ್ಲೂ ನಿಂತಿತು. ಸವಾರಳು ಕಂಪನಿಯೊಂದರಲ್ಲಿ ಇಂಜಿನಿಯರು. ನನ್ನ ಶಿಷ್ಯರ ವಯಸ್ಸು. “ನೀವು ಮುಂದೆ ಹೋಗಿ ತಾಯಿ” ಎಂದೆ. “ಹಾಗೆ ಹೋಗುವ ಹಾಗಿಲ್ಲ ಸರ್. ಇವತ್ತು ನಾನು ಕೊನೆಯವಳು” ಎಂದಳು. ಸಂಘದಲ್ಲಿ ಪ್ರತಿ ವಾರವೂ ಒಬ್ಬರಿಗೆ ಈ ಕೆಲಸವಂತೆ. ಯಾರು ಎಷ್ಟೇ ನಿಧಾನವಾಗಲಿ, ಅವರನ್ನು ದಾಟಬಾರದು. ಪಂಕ್ಚರ್ ಆದರೆ ಹಾಕಿಕೊಡಬೇಕು. ಮಾತು ಬೇಕೆಂದರೆ ಆಡಬೇಕು, ಬೇಡವೆಂದರೆ ಸುಮ್ಮನಿರಬೇಕು. ಸ್ವಲ್ಪ ತಡೆದು ಹೇಳಿದಳು: “ನಿಮ್ಮ ಅಣ್ಣನವರು ಈ ಕೆಲಸ ಕೇಳಿ ಪಡೆಯುತ್ತಿದ್ದರು.”

ಭಾನುವಾರ ಮಧ್ಯಾಹ್ನ ಬೂಟು ಕಳಚುತ್ತ “ಇವತ್ತೂ ನಾನೇ ಕೊನೆ” ಎಂದು ಅಣ್ಣ ನಗುತ್ತಿದ್ದುದು, ಮನೆಯವರೆಲ್ಲ ಕೂಡಿ ನಕ್ಕದ್ದು ಕಣ್ಣಿಗೆ ಕಟ್ಟಿತು. ಆ ನಗೆಯಲ್ಲಿ ಅವನ ಪಾಲು ಏನಿತ್ತೆಂಬುದು ಈಗ ತಿಳಿಯಿತು.

ಮತ್ತೆ ಪೆಡಲು ತುಳಿದೆ. ಆಕೆ ನನ್ನ ಭಾರದಲ್ಲಿ ಒಂದು ಗುಲಗಂಜಿಯನ್ನೂ ಹೊತ್ತುಕೊಳ್ಳಲಿಲ್ಲ. ಹೊರುವುದು ಸಾಧ್ಯವೂ ಅಲ್ಲ. ಆದರೂ ಹಿಂದೆ ಸರಪಳಿಯ ಸಣ್ಣ ಕಿರುಕುಳಿ ಸದ್ದು ಬರುತ್ತಿದ್ದಷ್ಟು ಹೊತ್ತು ಬೆಟ್ಟ ನನ್ನೊಬ್ಬನದೆನಿಸಲಿಲ್ಲ. ಸಂತಾಪದ ಮಾತು ಹೇಳಲು ತಡವರಿಸುವ ನಮ್ಮಂಥವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ಮಾತು ಬೇಡ, ದಾಟಿಹೋಗದಿದ್ದರೆ ಸಾಕು.

ತುದಿಯಲ್ಲಿ ಹದಿಮೂರು ಜನ ಬೆವರಾರಿ, ಚಳಿಯಲ್ಲಿ ಕೈ ಹೊಸೆಯುತ್ತ ನಮಗಾಗಿ ಕಾದಿದ್ದರು. ಮುಂದಿನ ವಾರ ಕೊನೆಯವನ ಕೆಲಸ ನನಗೆ ಕೊಡಿ ಎಂದು ಕೇಳಿದೆ. ಹಿರಿಯರೊಬ್ಬರು ನನ್ನ ಕಾಲುಗಳನ್ನು ಒಮ್ಮೆ ನೋಡಿ, “ಇನ್ನಾರು ತಿಂಗಳು ತಾಳಿ ಮೇಷ್ಟ್ರೇ. ಕೊನೆಯಲ್ಲಿ ಬರಬೇಕಾದರೆ ಮೊದಲು ಬರುವಷ್ಟು ಶಕ್ತಿ ಬೇಕು” ಎಂದರು.

ಈಗ ಎರಡು ತಿಂಗಳಾಗಿದೆ. ಅಭ್ಯಾಸ ನಡೆಸಿದ್ದೇನೆ.