ಕೋಟೆಯ ಊರಿನ ದುಂಬಿಗಳು

ಬಹಮನಿ ಅರಸರು 1347ರಲ್ಲಿ ರಾಜಧಾನಿಯಾಗಿ ಆರಿಸಿಕೊಂಡ ಕಲಬುರಗಿಯಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ಕೋಟೆಯೊಳಗಿನ ಜಾಮಿ ಮಸೀದಿ, ಬಂದೇ ನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ಇವಿಷ್ಟನ್ನು ಕಂಡ ಪ್ರವಾಸಿಗರು ಊರನ್ನೆಲ್ಲ ನೋಡಿದೆವೆಂದು ತೃಪ್ತರಾಗಿ ಹಿಂದಿರುಗುತ್ತಾರೆ. ಆದರೆ ಇಲ್ಲಿ ಯಾರ ಲೆಕ್ಕಕ್ಕೂ ಸಿಗದ ನಿವಾಸಿಗಳೂ ಉಂಟು. ಹಳೆಯ ಗೋಡೆಯ ಪೊಟರೆ ತುಡುವೆ ಜೇನಿಗೆ ಮನೆ. ಒಣಗಿದ ತೊಲೆ ಕರಿದುಂಬಿಗೆ ಮನೆ. ಎತ್ತರದ ಕೊಂಬೆ ಹೆಜ್ಜೇನಿಗೆ ಮನೆ. ಒಂಟಿಯಾಗಿ ಬಾಳುವ ಅನೇಕ ಜಾತಿಯ ನೊಣಜೇನುಗಳಿಗಾದರೋ ಬರಿಯ ನೆಲದೊಳಗಿನ ಬಿಲವೇ ಅರಮನೆ.

ಊರು ಬೆಳೆದಿದೆ. 1980ರಲ್ಲಿ ವಿಶ್ವವಿದ್ಯಾಲಯವೂ 2019ರಲ್ಲಿ ವಿಮಾನ ನಿಲ್ದಾಣವೂ ಬಂದುವು. ಹೊಲಗಳಿದ್ದೆಡೆ ಬಡಾವಣೆಗಳು ಎದ್ದಿವೆ. ಅಂಗಳಕ್ಕೆ ಸಿಮೆಂಟು ಹಾಸಿದಾಗ ಮನೆ ಚೊಕ್ಕಟವಾಗುತ್ತದೆ, ನಿಜ. ಆದರೆ ನೆಲದಲ್ಲಿ ಗೂಡು ತೋಡುವ ಕೀಟಕ್ಕೆ ಬಾಗಿಲು ಮುಚ್ಚಿದಂತಾಗುತ್ತದೆ.

ಇದರ ಪರಿಣಾಮವು ಮೊದಲು ಕಾಣುವುದು ಹಿತ್ತಿಲಿನಲ್ಲಿ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಅದರ ಪರಾಗವು ಅಂಟಾಗಿ ಭಾರವಾಗಿರುವುದರಿಂದ ಗಾಳಿ ಅದನ್ನು ಒಯ್ಯಲಾರದು. ಮುಂಜಾನೆ ಅರಳಿದ ಹೂವು ಮಧ್ಯಾಹ್ನದೊಳಗೆ ಮುದುಡುತ್ತದೆ. ಅಷ್ಟರಲ್ಲಿ ದುಂಬಿ ಬಾರದಿದ್ದರೆ ಎಳೆಗಾಯಿ ಹಳದಿಯಾಗಿ ಉದುರುತ್ತದೆ. ಮನೆಯವರು ಗೊಬ್ಬರವನ್ನು ದೂರುತ್ತಾರೆ!

ಹುಮನಾಬಾದಿನ ಹಾದಿಯಲ್ಲಿ ಸುಮಾರು 35 ಕಿಲೋಮೀಟರು ಸಾಗಿದರೆ ಕಮಲಾಪುರ. ಕೆಂಬಾಳೆಗೆ ಹೆಸರಾದ ಊರಿದು. ಈ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಇದೆ. ಬೀಜವಿಲ್ಲದ ಈ ಬಾಳೆಗೆ ಕಾಯಿ ಕಟ್ಟಲು ಪರಾಗ ಬೇಕಿಲ್ಲ. ಆದರೂ ಅದರ ಹೂವು ಜೇನಿಗೆ ಮಕರಂದವನ್ನು ಧಾರಾಳವಾಗಿ ನೀಡುತ್ತದೆ. ಜಿಲ್ಲೆಯ ಹೆಮ್ಮೆಯ ಬೆಳೆಯಾದ ತೊಗರಿಯೂ ಬಹುಮಟ್ಟಿಗೆ ಸ್ವಪರಾಗದಿಂದಲೇ ಕಾಯಿ ಕಟ್ಟುತ್ತದೆ. ಅದರ ಹಳದಿ ಹೂವಿಗೂ ದುಂಬಿಗಳು ಮುತ್ತುತ್ತವೆ.

ಹಾಗಾದರೆ ಚಿಂತೆಯೇಕೆ? ಸೂರ್ಯಕಾಂತಿ, ಸೌತೆ, ಹಾಗಲ ಇವುಗಳಿಗೆ ಕೀಟದ ನೆರವು ಬೇಕೇ ಬೇಕು. ಬದನೆಯ ಹೂವಿನ ಪರಾಗವಂತೂ ಕೆಲವು ದುಂಬಿಗಳು ಮೈ ನಡುಗಿಸಿ ಝೇಂಕರಿಸಿದಾಗಲೇ ಚೆನ್ನಾಗಿ ಉದುರುವುದು. ಕಮಲಾಪುರದ ತೋಟದಲ್ಲಿ ದುಂಬಿ ಎಷ್ಟಿದ್ದರೇನು? ಸಣ್ಣ ಜೇನುಗಳು ಗೂಡಿನಿಂದ ಹಾರುವುದು ಕೆಲವೇ ನೂರು ಮೀಟರು. ಹಳ್ಳಿಯ ಬಾಳೆ ಬಂಡಿಯೇರಿ ಪೇಟೆಗೆ ಬರಬಲ್ಲುದು. ಹಳ್ಳಿಯ ಜೇನು ಬಾರದು. ನಗರದ ಹೂವಿಗೆ ನಗರದ ದುಂಬಿಯೇ ಗತಿ.

ಉಪಾಯವು ದುಬಾರಿಯಲ್ಲ. ಅಂಗಳದ ಒಂದು ಮೂಲೆಯಲ್ಲಿ ಮಣ್ಣನ್ನು ಹಾಗೆಯೇ ಬಿಡುವುದು. ತುಳಸಿಯ ತೆನೆಯನ್ನು ಕೂಡಲೆ ಚಿವುಟದಿರುವುದು. ಬೀದಿಯ ಬೇವು, ಹೊಂಗೆಗಳನ್ನು ಉಳಿಸುವುದು. ಹೊಲದವರು ಹೂವಿನ ಕಾಲದಲ್ಲಿ ಔಷಧಿ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಸಂಜೆಯ ಹೊತ್ತನ್ನು ಆರಿಸಿಕೊಳ್ಳುವುದು. ಇಷ್ಟು ನಡೆದರೆ ಕುಂಬಳದ ಬಳ್ಳಿಯೇ ತನ್ನ ಫಲದಿಂದ ಉತ್ತರ ಹೇಳೀತು.