ತಪ್ಪು ಮಾಡಿದವನಿಗೆ ಬೈಯಬೇಡಿ

ನನಗೆ ಫುಟ್ಬಾಲ್ ಎಂದರೆ ಪಂಚಪ್ರಾಣ. ನಮ್ಮ ಸುಳ್ಯದ ಕಡೆ ಕಬಡ್ಡಿ, ವಾಲಿಬಾಲ್ ಆಡುವವರೇ ಜಾಸ್ತಿ. ಕೇರಳ ಹತ್ತಿರ ಇರುವುದರಿಂದ ನಮ್ಮ ಕ್ಲಾಸಿನ ಕೆಲವರು ಕೇರಳ ಬ್ಲಾಸ್ಟರ್ಸ್ ಪಕ್ಷ. ನಾನು ಬೆಂಗಳೂರು ಎಫ್‌ಸಿ ಪಕ್ಷ. 2013ರಲ್ಲಿ ಶುರುವಾದ ಈ ತಂಡ 2018-19ರಲ್ಲಿ ಐಎಸ್‌ಎಲ್ ಕಪ್ ಗೆದ್ದಿತ್ತು.

2025ರ ಸೆಮಿಫೈನಲಿನಲ್ಲಿ ಗೋವಾದ ವಿರುದ್ಧ ಕೊನೆ ಗಳಿಗೆಯಲ್ಲಿ ಸುನಿಲ್ ಛೆಟ್ರಿಯವರು ತಲೆಯಿಂದ ಗೋಲು ಹೊಡೆದರು. ಆಗ ಅವರಿಗೆ 40 ವರ್ಷ! ನಾನು ಕುಣಿದದ್ದು ನೋಡಿ ಅಜ್ಜಿ "ಎಂತ ಆಯ್ತು ಮಾರಾಯ ಇವನಿಗೆ?" ಅಂತ ಹೆದರಿದರು.

ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಜೊತೆ ಫೈನಲ್. ಮೊದಲು ಅವರ ಆಲ್ಬರ್ಟೊ ರೊಡ್ರಿಗಸ್ ತಮ್ಮದೇ ಗೋಲಿಗೆ ಚೆಂಡು ಹಾಕಿಬಿಟ್ಟರು. ಆಮೇಲೆ ನಮ್ಮ ಚಿಂಗ್ಲೆನ್‌ಸಾನಾ ಸಿಂಗ್ ಅವರ ಕೈಗೆ ಚೆಂಡು ತಾಗಿ ಪೆನಾಲ್ಟಿ, 1-1. ಹೆಚ್ಚುವರಿ ಸಮಯದಲ್ಲಿ ಅವರದ್ದು ಇನ್ನೊಂದು ಗೋಲು. 2-1ರಲ್ಲಿ ಸೋತೆವು. ನಾನು ಚಿಂಗ್ಲೆನ್‌ಸಾನಾಗೆ ಬಾಯಿಗೆ ಬಂದ ಹಾಗೆ ಬೈದೆ.

ಮೊನ್ನೆ ಶಾಲೆಯ ಆಟದಲ್ಲಿ ನನ್ನ ಕೈಗೇ ಚೆಂಡು ತಾಗಿತು. ನಾವು ಸೋತೆವು. ಎರಡು ದಿನ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಒಬ್ಬನೇ ಕೂತೆ. ಆಗ ರೊಡ್ರಿಗಸ್ ನೆನಪಾದರು. ಅವರೂ ತಪ್ಪು ಮಾಡಿದ್ದರಲ್ಲ? ಜೊತೆಯವರು ಎರಡು ಗೋಲು ಹೊಡೆದು ಅದನ್ನು ಮರೆಸಿದರು.

ಗೆಳೆಯರೇ, ಇನ್ನು ಯಾರ ಕೈಗೆ ತಾಗಿದರೂ ನಾನು ಬೈಯುವುದಿಲ್ಲ. ನೀವೂ ಬೈಯಬೇಡಿ. ಆಟ ಮುಗಿಯುವ ಮೊದಲು ಎಲ್ಲರೂ ಸೇರಿ ಇನ್ನೊಂದು ಗೋಲು ಹೊಡೆಯುವ, ಆಯ್ತಾ?